ಮೂಗುದಾರದಿಂದ ವಿದ್ಯುತ್ ತಂತಿಯವರೆಗೆ

ಕಡೂರಿನಿಂದ ಬೀರೂರು ದಾಟಿ ತರೀಕೆರೆಯತ್ತ ಹೋಗುವ ಹೆದ್ದಾರಿಯಲ್ಲಿ ಕಾರು ಸಲೀಸಾಗಿ ಓಡುತ್ತಿರುತ್ತದೆ. ರಸ್ತೆಯುಬ್ಬು ಕಂಡೊಡನೆ ಚಾಲಕ ಆಕ್ಸಿಲರೇಟರ್ ಮೇಲಿನ ಕಾಲು ತೆಗೆಯುತ್ತಾನೆ. ವೇಗ ಹದವಾಗಿ ಇಳಿಯಬೇಕು. ಅದರ ಬದಲು ಕಾರು ಒಮ್ಮೆ ಹಿಡಿದಂತೆ, ಒಮ್ಮೆ ಬಿಟ್ಟಂತೆ ಜಗ್ಗತೊಡಗುತ್ತದೆ. ಬ್ರೇಕ್ ಇನ್ನೂ ಮುಟ್ಟಿಲ್ಲ, ಗೇರ್ ಬದಲಿಸಿಲ್ಲ. ಪೆಟ್ರೋಲಿನಲ್ಲಿ ಕಲಬೆರಕೆಯೆ? ಪ್ಲಗ್ ಕೆಟ್ಟಿತೆ? ಕ್ಲಚ್ ಹೋಯಿತೆ? ಅನುಮಾನಗಳು ಸಾಲುಗಟ್ಟುತ್ತವೆ. ಎಷ್ಟೋ ಸಲ ದೋಷ ಇವೆಲ್ಲಕ್ಕಿಂತ ಚಿಕ್ಕದಾದ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿರುತ್ತದೆ. ಅದೇ ಥ್ರಾಟಲ್ ಸೆನ್ಸರ್. ಅದು ಎಂಜಿನ್ನಿನ ಪಕ್ಕ ಬಂದು ಕುಳಿತದ್ದು ಏಕೆ ಎಂದು ತಿಳಿದರೆ, ಅದರ ರೋಗ ಹಿಡಿಯುವ ಬಗೆಯೂ ತಿಳಿಯುತ್ತದೆ.

ವೇಗವನ್ನು ಹತೋಟಿಯಲ್ಲಿಡುವ ಪ್ರಶ್ನೆ ಈ ಸೀಮೆಗೆ ಹೊಸದಲ್ಲ. ಅಜ್ಜಂಪುರದ ತಳಿ ಸಂವರ್ಧನ ಕೇಂದ್ರದಲ್ಲಿ ಇಂದಿಗೂ ಕಾಣಸಿಗುವ ಅಮೃತಮಹಲ್ ರಾಸುಗಳು ಓಟಕ್ಕೂ ತಾಳಿಕೆಗೂ ಹೆಸರಾದವು. ಹೈದರಾಲಿ, ಟಿಪ್ಪು ಸುಲ್ತಾನರ ಸೈನ್ಯದ ಫಿರಂಗಿಗಳನ್ನು ಎಳೆದದ್ದು ಈ ತಳಿಯ ಎತ್ತುಗಳೇ. ಅವುಗಳ ವೇಗವಿದ್ದದ್ದು ಮೂಗುದಾರಕ್ಕೆ ಕಟ್ಟಿದ ಹಗ್ಗದ ತುದಿಯಲ್ಲಿ. ಹಗ್ಗವನ್ನು ಹದವಾಗಿ ಹಿಡಿದರೆ ಗಾಡಿ ಹದವಾಗಿ ನಿಲ್ಲುತ್ತದೆ. ಜಗ್ಗಿ ಜಗ್ಗಿ ಬಿಟ್ಟರೆ ಗಾಡಿಯೂ ಜಗ್ಗುತ್ತದೆ.

1889ರಲ್ಲಿ ಹರಿಹರದವರೆಗೆ ರೈಲು ಬಂತು; 1899ರಲ್ಲಿ ಬೀರೂರಿನಿಂದ ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ ಕವಲು ಮಾರ್ಗ ತೆರೆಯಿತು. ಉಗಿ ಎಂಜಿನ್ನಿನ ಚಾಲಕನ ಕೈಯಲ್ಲಿ ರೆಗ್ಯುಲೇಟರ್ ಎಂಬ ಸನ್ನೆಯಿತ್ತು. ಸಿಲಿಂಡರಿಗೆ ಎಷ್ಟು ಉಗಿ ಹೋಗಬೇಕು ಎಂಬುದನ್ನು ಅದು ನಿರ್ಧರಿಸುತ್ತಿತ್ತು. ಇದರ ಮೂಲ ಇನ್ನೂ ಹಿಂದಿನದು. ಇಂಗ್ಲೆಂಡಿನಲ್ಲಿ ಜೇಮ್ಸ್ ವಾಟ್ 1788ರಲ್ಲಿ ತಿರುಗುವ ಗುಂಡುಗಳ ಗವರ್ನರನ್ನು ಉಗಿಯ ಕವಾಟಕ್ಕೆ ಜೋಡಿಸಿ, ಎಂಜಿನ್ನಿನ ವೇಗ ತಾನಾಗಿಯೇ ಹದದಲ್ಲಿರುವಂತೆ ಮಾಡಿದ್ದ. ಆ ಕವಾಟದ ಹೆಸರು ಥ್ರಾಟಲ್. ಕತ್ತು ಹಿಸುಕುವುದು ಎಂದು ಆ ಮಾತಿನ ಅರ್ಥ. ಕಾರಿನ ಥ್ರಾಟಲ್ ಮಾಡುವುದೂ ಅದನ್ನೇ. ಎಂಜಿನ್ ಉಸಿರೆಳೆಯುವ ಕೊಳವೆಯಲ್ಲಿ ಒಂದು ದುಂಡು ತಟ್ಟೆ ತಿರುಗುತ್ತದೆ. ತೆರೆದರೆ ಗಾಳಿ ಹೆಚ್ಚು, ಮುಚ್ಚಿದರೆ ಕಡಿಮೆ.

ಅಂಬಾಸಡರ್, ಫಿಯೆಟ್‌ಗಳ ಕಾಲದಲ್ಲಿ ಚಾಲಕನ ಕಾಲಿಗೂ ಈ ತಟ್ಟೆಗೂ ನಡುವೆ ಇದ್ದದ್ದು ಸರಳು ಅಥವಾ ಕೇಬಲ್. ಗಾಳಿಗೆ ತಕ್ಕ ಪೆಟ್ರೋಲನ್ನು ಕಾರ್ಬುರೇಟರ್ ತಾನೇ ಹೀರಿ ಬೆರೆಸುತ್ತಿತ್ತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಕೂಡ ಮೊದಲು ಕಾರ್ಬುರೇಟರಿನದೇ. ಕಾರು ಜಗ್ಗಿದರೆ ಮೆಕ್ಯಾನಿಕ್ ಬಾನೆಟ್ ಎತ್ತಿ ಕಿವಿಗೊಡುತ್ತಿದ್ದ; ಕೇಬಲ್ ಹಿಡಿಯುತ್ತಿದೆಯೆ ಎಂದು ಕೈಯಿಂದ ಎಳೆದು ನೋಡುತ್ತಿದ್ದ; ಜೆಟ್ ಬಿಚ್ಚಿ ಊದುತ್ತಿದ್ದ. ರೋಗ ಕಣ್ಣಿಗೆ, ಕಿವಿಗೆ, ಕೈಗೆ ಸಿಗುವಂತಿತ್ತು.

ಅದು ಬದಲಾದದ್ದು ಹೊಗೆಯಿಂದ. ಹೊಗೆಯ ವಿಷ ತೊಳೆಯುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡಬೇಕಾದರೆ ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಇಷ್ಟು ಕರಾರುವಾಕ್ಕು ಲೆಕ್ಕ ಕಾರ್ಬುರೇಟರಿಗೆ ಸಾಧ್ಯವಿರಲಿಲ್ಲ. ಜರ್ಮನಿಯ ಬಾಷ್ ಕಂಪೆನಿ 1967ರಲ್ಲೇ ಫೋಕ್ಸ್‌ವ್ಯಾಗನ್ ಕಾರಿಗೆ ವಿದ್ಯುನ್ಮಾನ ಪೆಟ್ರೋಲ್ ಇಂಜೆಕ್ಷನ್ ಕೊಟ್ಟಿತ್ತು. ನಮ್ಮಲ್ಲಿ 1999ರಲ್ಲಿ ಸುಪ್ರೀಂ ಕೋರ್ಟು ದೆಹಲಿ ಪ್ರದೇಶದ ಹೊಸ ಕಾರುಗಳಿಗೆ ಯೂರೋ ನಿಯಮ ಕಡ್ಡಾಯ ಮಾಡಿತು. 2000ದ ಏಪ್ರಿಲಿನಿಂದ ದೇಶಕ್ಕೆಲ್ಲ ಹೊಸ ನಿಯಮ ಬಂತು. ಕೆಲವೇ ವರ್ಷಗಳಲ್ಲಿ ಹೊಸ ಕಾರುಗಳಿಂದ ಕಾರ್ಬುರೇಟರ್ ಮರೆಯಾಯಿತು. ಪೆಟ್ರೋಲಿನ ಲೆಕ್ಕ ಕಂಪ್ಯೂಟರಿನ ಪಾಲಾಯಿತು. ಚಾಲಕನ ಕಾಲು ಎಲ್ಲಿದೆ ಎಂಬುದನ್ನು ಆ ಕಂಪ್ಯೂಟರಿಗೆ ಯಾರಾದರೂ ಹೇಳಬೇಕಲ್ಲ! ಹಾಗೆ ನೇಮಕವಾದ ದೂತನೇ ಥ್ರಾಟಲ್ ಸೆನ್ಸರ್.

ಹಳೆಯ ಬಗೆಯ ಸೆನ್ಸರಿನ ರಚನೆ ಸರಳ. ರೇಡಿಯೋದ ವಾಲ್ಯೂಮ್ ಗುಂಡಿಯಂತೆಯೇ ಒಳಗೊಂದು ಇಂಗಾಲದ ಪಟ್ಟಿ, ಅದರ ಮೇಲೆ ಜಾರುವ ಲೋಹದ ಬೆರಳು. ಮೂರು ತಂತಿಗಳು: ಒಂದರಲ್ಲಿ 5 ವೋಲ್ಟ್ ಬರುತ್ತದೆ, ಇನ್ನೊಂದು ಅರ್ತ್, ಮೂರನೆಯದು ಸುದ್ದಿ ಒಯ್ಯುತ್ತದೆ. ತಟ್ಟೆ ಮುಚ್ಚಿದಾಗ ಸಾಮಾನ್ಯವಾಗಿ ಅರ್ಧ ವೋಲ್ಟಿನ ಆಸುಪಾಸು, ಪೂರ್ತಿ ತೆರೆದಾಗ ನಾಲ್ಕರಿಂದ ನಾಲ್ಕೂವರೆ. ಹಳೆಯ ರೇಡಿಯೋದ ಗುಂಡಿ ಸವೆದರೆ ಕರಕರ ಎನ್ನುವಂತೆ, ಈ ಪಟ್ಟಿಯೂ ಸವೆಯುತ್ತದೆ. ಕಾಲು ಹೆಚ್ಚು ಹೊತ್ತು ಇರುವ ಜಾಗದಲ್ಲೇ, ಅಂದರೆ ತಟ್ಟೆ ಮುಚ್ಚಿದ ಮತ್ತು ಸ್ವಲ್ಪವೇ ತೆರೆದ ಜಾಗದಲ್ಲಿ, ಸವೆತ ಹೆಚ್ಚು.

ಕಾಲು ತೆಗೆದಾಗಲೇ ಕಾರು ಜಗ್ಗುವುದರ ಗುಟ್ಟು ಇಲ್ಲಿದೆ. ತಟ್ಟೆ ಮುಚ್ಚಿದ್ದು, ಎಂಜಿನ್ ಇನ್ನೂ ಜೋರಾಗಿ ತಿರುಗುತ್ತಿದ್ದರೆ, ಕಂಪ್ಯೂಟರ್ ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತದೆ. ವೇಗ ಸಾಕಷ್ಟು ಇಳಿದ ಮೇಲೆ ಮತ್ತೆ ಬಿಡುತ್ತದೆ. ಸವೆದ ಸೆನ್ಸರು ‘ಮುಚ್ಚಿದೆ, ತೆರೆದಿದೆ, ಮುಚ್ಚಿದೆ’ ಎಂದು ಕ್ಷಣಕ್ಕೊಂದು ಮಾತಾಡಿದರೆ, ಪೆಟ್ರೋಲೂ ಹಾಗೆಯೇ ನಿಂತು ಬಂದು ನಿಂತು ಬರುತ್ತದೆ. ಮೂಗುದಾರ ಜಗ್ಗಿ ಬಿಟ್ಟ ಗಾಡಿಯ ಪಾಡೇ ಕಾರಿಗೂ ಆಗುತ್ತದೆ. ಕೆಮ್ಮಣ್ಣುಗುಂಡಿಯಿಂದ ಲಿಂಗದಹಳ್ಳಿಯ ಕಡೆಗೆ ಕೆಳ ಗೇರಿನಲ್ಲಿ ಇಳಿಯುವಾಗ ಇದು ಬರಿಯ ಕಿರಿಕಿರಿಯಲ್ಲ. ತಿರುವಿನಲ್ಲಿ ಅಪಾಯವೂ ಹೌದು.

ಹಾಗೆಂದು ಜಗ್ಗಿದೊಡನೆ ಸೆನ್ಸರ್ ಬದಲಿಸುವುದು ಜಾಣತನವಲ್ಲ. ಥ್ರಾಟಲ್ ತಟ್ಟೆಗೆ ಮೆತ್ತಿದ ಮಸಿ, ಗಾಳಿ ಸೋರುವ ರಬ್ಬರ್ ಕೊಳವೆ, ಸಡಿಲವಾದ ಎಂಜಿನ್ ಮೌಂಟಿಂಗ್, ಸವೆದ ಆಕ್ಸಲ್ ಜಾಯಿಂಟ್ ಇವೂ ಇಂಥದೇ ಲಕ್ಷಣ ತೋರುತ್ತವೆ. ಮೊದಲು ಕಣ್ಣಿಗೆ ಕಾಣುವುದನ್ನು ನೋಡಬೇಕು, ಕನೆಕ್ಟರಿನ ಪಿನ್ನುಗಳನ್ನೂ ಸೇರಿಸಿ. ಆಮೇಲೆ ಮೀಟರ್. ಕೇಬಲ್ ಇರುವ ಕಾರಿನಲ್ಲಿ, ಎಂಜಿನ್ ಚಾಲೂ ಮಾಡದೆ ಕೀ ಮಾತ್ರ ತಿರುಗಿಸಿ, ಸುದ್ದಿಯ ತಂತಿಗೆ ಮೀಟರ್ ಹಿಡಿದು, ಆಕ್ಸಿಲರೇಟರನ್ನು ಬಲು ನಿಧಾನವಾಗಿ ಒತ್ತಿ ಬಿಡಬೇಕು. ವೋಲ್ಟೇಜ್ ಏರುಪೇರಿಲ್ಲದೆ ಏರಿ ಇಳಿಯಬೇಕು. ನಡುವೆ ಎಲ್ಲಾದರೂ ಥಟ್ಟನೆ ಬಿದ್ದು ಎದ್ದರೆ ಪಟ್ಟಿ ಸವೆದದ್ದು ಅಲ್ಲೇ. ಇದಕ್ಕೆ ಅಂಕಿ ತೋರುವ ಮೀಟರಿಗಿಂತ ಹಳೆಯ ಮುಳ್ಳಿನ ಮೀಟರೇ ವಾಸಿ. ಕ್ಷಣಕಾಲದ ಬೀಳನ್ನು ಮುಳ್ಳಿನ ನಡುಕ ಹೇಳಿಬಿಡುತ್ತದೆ.

ನಮ್ಮಲ್ಲಿ 2010ರಿಂದ ಹಂತ ಹಂತವಾಗಿ ಕಡ್ಡಾಯವಾದ ಸ್ವಯಂ ತಪಾಸಣೆಯ ವ್ಯವಸ್ಥೆ ದೋಷವನ್ನು ಸಂಕೇತದಲ್ಲಿ ಬರೆದಿಡುತ್ತದೆ. ಅದು ಉಪಯುಕ್ತ, ಆದರೆ ಕೊನೆಯ ಮಾತಲ್ಲ. ತೀರ ಚಿಕ್ಕ ತಡವರಿಕೆ ಅದರ ಕಣ್ಣಿಗೆ ಬೀಳದಿರಬಹುದು. ಸಂಕೇತ ಬಂದಾಗಲೂ ಕೆಟ್ಟಿರುವುದು ಸೆನ್ಸರಲ್ಲ, ತುಂಡಾದ ತಂತಿಯಿರಬಹುದು. 1980ರ ದಶಕದ ಕೊನೆಗೆ ಬಿಎಂಡಬ್ಲ್ಯೂ ಆರಂಭಿಸಿದ ಕೇಬಲ್ ಇಲ್ಲದ ಪದ್ಧತಿ ಈಗ ಸಾಮಾನ್ಯ ಕಾರುಗಳಿಗೂ ಬಂದಿದೆ. ಅಲ್ಲಿ ತಟ್ಟೆಯನ್ನು ತಿರುಗಿಸುವುದು ಮೋಟಾರು. ಎರಡು ಸುದ್ದಿಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಕಂಪ್ಯೂಟರ್ ವೇಗವನ್ನು ಮಿತಗೊಳಿಸುತ್ತದೆ. ಹಲವು ಹೊಸ ಸೆನ್ಸರುಗಳು ಅಯಸ್ಕಾಂತದಿಂದ ನಡೆಯುವುದರಿಂದ ಉಜ್ಜುವ ಪಟ್ಟಿಯೇ ಇಲ್ಲ. ಅಂಥ ಕಾರಿನ ತಟ್ಟೆಯನ್ನು ಬೆರಳಿನಿಂದ ನೂಕಿ ನೋಡಬಾರದು.

ಸಣ್ಣ ಊರುಗಳ ಗ್ಯಾರೇಜಿಗೆ ಈ ಬದಲಾವಣೆ ಹೊಸ ಸವಾಲು ತಂದಿದೆ. ಕಿವಿಯ ಅನುಭವವೊಂದೇ ಸಾಲದಾದಾಗ ‘ಇದನ್ನೊಂದು ಹಾಕಿ ನೋಡೋಣ’ ಎಂಬ ಚಾಳಿ ಬೆಳೆಯುತ್ತದೆ. ಹಾಕಿ ನೋಡಿದ್ದರ ದುಡ್ಡು ತೆರುವವನು ಹಳೆಯ ಕಾರು ಕೊಂಡ ರೈತ, ಬಾಡಿಗೆ ಓಡಿಸುವ ಚಾಲಕ. ಆದರೆ ಹಳೆಯ ಮೆಕ್ಯಾನಿಕ್ ಮಾಡುತ್ತಿದ್ದುದೂ ಕ್ರಮವಾದ ತಪಾಸಣೆಯೇ: ಮೊದಲು ಕೇಬಲ್, ಆಮೇಲೆ ಜೆಟ್, ಆಮೇಲೆ ಪ್ಲಗ್. ಆ ಕ್ರಮಕ್ಕೆ ಒಂದು ಮೀಟರ್ ಸೇರಿದರೆ ಸಾಕು, ಅವನ ವಿದ್ಯೆ ಹಳತಾಗುವುದಿಲ್ಲ. ಬಿಡಿಭಾಗ ಬದಲಿಸುವ ಮುನ್ನ ‘ಅಳೆದು ನೋಡಿದಿರಾ?’ ಎಂದು ಕೇಳುವುದು ಕಾರಿನ ಯಜಮಾನನ ಹಕ್ಕು. ಅಳೆದದ್ದನ್ನು ತೋರಿಸುವುದು ಒಳ್ಳೆಯ ಮೆಕ್ಯಾನಿಕ್‌ನ ಗುರುತು.