ಕಾಲ್‌ಬೈಸಾಖಿ ಮುನ್ಸೂಚನೆ

ಮಾರ್ಚ್‌ನಿಂದ ಮೇ ತಿಂಗಳವರೆಗೆ ಪೂರ್ವ ಭಾರತ ಮತ್ತು ಬಾಂಗ್ಲಾದೇಶದ ಮೇಲೆ ಎರಗುವ ಬಿರುಸಾದ ಗುಡುಗು ಮಳೆಯನ್ನು ಬಂಗಾಳದಲ್ಲಿ ಕಾಲ್‌ಬೈಸಾಖಿ ಎನ್ನುತ್ತಾರೆ. ಬಂಗಾಳ ಕೊಲ್ಲಿಯಿಂದ ಬರುವ ತೇವದ ಗಾಳಿ ನೆಲಕ್ಕೆ ಹತ್ತಿರ ಹರಡಿರುತ್ತದೆ. ಅದರ ಮೇಲೆ ಪಶ್ಚಿಮದ ಒಣ ಬಿಸಿಗಾಳಿ ಮುಚ್ಚಳದಂತೆ ಕುಳಿತಿರುತ್ತದೆ. ಮಧ್ಯಾಹ್ನದ ಕಾವಿಗೆ ಈ ಪದರ ಒಡೆದರೆ ಛೋಟಾನಾಗಪುರ ಪ್ರಸ್ಥಭೂಮಿಯಲ್ಲಿ ಮೋಡಗಳು ಭರದಿಂದ ಮೇಲೇರುತ್ತವೆ. ಅವು ಸಾಲುಗಟ್ಟಿ ಆಗ್ನೇಯಕ್ಕೆ ಸರಿದು, ಸಾಮಾನ್ಯವಾಗಿ ಸಂಜೆಯ ಹೊತ್ತಿಗೆ ಕೋಲ್ಕತ್ತಾದ ಸುತ್ತಮುತ್ತ ಬಿರುಗಾಳಿ, ಸಿಡಿಲು, ಕೆಲವೊಮ್ಮೆ ಆಲಿಕಲ್ಲು ತರುತ್ತವೆ.

ಮುನ್ಸೂಚನೆಯ ಕೆಲಸ ಬೆಳಿಗ್ಗೆಯೇ ಶುರು. 5.30ರ ವೀಕ್ಷಣೆಗೆ ಹಾರಿಸುವ ಬಲೂನು ಎತ್ತರದಿಂದ ಎತ್ತರಕ್ಕೆ ಉಷ್ಣತೆ, ತೇವಾಂಶ ಮತ್ತು ಗಾಳಿಯ ವಿವರ ಕಳುಹಿಸುತ್ತದೆ. ಇದರಿಂದ ಮೋಡ ಬೆಳೆಯಲು ಎಷ್ಟು ಶಕ್ತಿ ಕೂಡಿದೆ, ಮೇಲಿನ ಒಣ ಪದರ ಎಷ್ಟು ಗಟ್ಟಿಯಾಗಿದೆ ಎಂದು ಲೆಕ್ಕ ಹಾಕುತ್ತಾರೆ. ಕಷ್ಟವಿರುವುದು ಇಲ್ಲೇ: ಶಕ್ತಿ ಭರಪೂರ ಇದ್ದೂ ಪದರ ಒಡೆಯದಿದ್ದರೆ ದಿನವಿಡೀ ಸೆಕೆಯಷ್ಟೇ. ಗಣಕ ಮಾದರಿಗಳು ಅಪಾಯದ ವಲಯವನ್ನು ಒಂದೆರಡು ದಿನ ಮೊದಲೇ ಗುರುತಿಸಬಲ್ಲವು. ಯಾವ ಊರಿಗೆ ಎಷ್ಟು ಗಂಟೆಗೆ ಎಂಬುದನ್ನು ಹೇಳಲಾರವು.

ಮೋಡ ಕಟ್ಟಿದ ಮೇಲೆ ಭರವಸೆ ಡಾಪ್ಲರ್ ರೇಡಾರ್ ಮೇಲೆ. ಮಳೆಯ ತೀವ್ರತೆಯನ್ನೂ ಗಾಳಿಯ ಚಲನೆಯನ್ನೂ ಅದು ತೋರಿಸುತ್ತದೆ. ಇನ್‌ಸ್ಯಾಟ್ ಉಪಗ್ರಹದ ಚಿತ್ರಗಳು, ಸಿಡಿಲು ಪತ್ತೆ ಜಾಲದ ಮಾಹಿತಿ ಇದಕ್ಕೆ ಪೂರಕ. ಇವನ್ನೆಲ್ಲ ಆಧರಿಸಿ ಭಾರತೀಯ ಹವಾಮಾನ ಇಲಾಖೆ ಮುಂದಿನ ಮೂರು ಗಂಟೆಗಳ ತತ್‌ಕ್ಷಣದ ಮುನ್ಸೂಚನೆ ಹೊರಡಿಸಿ, ಜಿಲ್ಲೆಗಳಿಗೆ ಹಸಿರು, ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಎಚ್ಚರಿಕೆ ನೀಡುತ್ತದೆ. ಪುಣೆಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಆ್ಯಪ್ ಹತ್ತಿರದ ಸಿಡಿಲಿನ ಸುಳಿವನ್ನು ನೇರ ಮೊಬೈಲಿಗೆ ಮುಟ್ಟಿಸುತ್ತದೆ.