ವಾಹನಗಳ ಎಂಜಿನ್ ಬದಲಾವಣೆ ಮತ್ತು ಸಾಮರ್ಥ್ಯ ಹೆಚ್ಚಳ: ಮಾಲೀಕರಿಗೆ ಮಾಹಿತಿ

ನೋಂದಾಯಿತ ಮೋಟಾರು ವಾಹನದ ಎಂಜಿನ್ ಬದಲಾಯಿಸಲು ಅಥವಾ ಅದರ ಸಾಮರ್ಥ್ಯ ಹೆಚ್ಚಿಸಲು ಇಚ್ಛಿಸುವ ಮಾಲೀಕರು ಕೆಲಸ ಆರಂಭಿಸುವ ಮುನ್ನವೇ ಈ ಕೆಳಕಂಡ ಅಂಶಗಳನ್ನು ತಿಳಿದಿರುವುದು ಅವಶ್ಯಕ. ಹಣ ವ್ಯಯಿಸಿದ ನಂತರ ನೋಂದಣಿ ಪ್ರಾಧಿಕಾರವನ್ನು ಸಂಪರ್ಕಿಸಿದಲ್ಲಿ, ಅನುಮತಿಗೆ ಅರ್ಹವಲ್ಲದ ಮಾರ್ಪಾಡನ್ನು ಸಕ್ರಮಗೊಳಿಸಲು ಅವಕಾಶವಿರುವುದಿಲ್ಲ.

1. ಕಾನೂನಿನ ಉಪಬಂಧ

ನೋಂದಣಿ ಪತ್ರದಲ್ಲಿ ಚಾಸಿಸ್ ಸಂಖ್ಯೆ, ಎಂಜಿನ್ ಸಂಖ್ಯೆ, ಸಿಲಿಂಡರುಗಳ ಸಂಖ್ಯೆ, ಎಂಜಿನ್ನಿನ ಘನ ಸಾಮರ್ಥ್ಯ, ಇಂಧನ, ಆಸನಗಳ ಸಂಖ್ಯೆ, ಬಣ್ಣ ಮುಂತಾದ ವಿವರಗಳು ನಮೂದಾಗಿರುತ್ತವೆ. ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 52ರ ಮೇರೆಗೆ, ಈ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಯಾವುದೇ ಮಾಲೀಕರು ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿ 9ರಂದು ಈ ಉಪಬಂಧವನ್ನು ಎತ್ತಿಹಿಡಿದಿದೆ.

ಮಾರಾಟಕ್ಕೆ ಬರುವ ಮುನ್ನ ಪ್ರತಿ ಮಾದರಿಯ ವಾಹನವೂ ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 126ರಂತೆ ಅಧಿಕೃತ ಸಂಸ್ಥೆಯಲ್ಲಿ ಪರೀಕ್ಷೆಗೊಳಪಟ್ಟಿರುತ್ತದೆ. ಪುಣೆಯ ಭಾರತೀಯ ವಾಹನ ಸಂಶೋಧನಾ ಸಂಘವು ಇಂತಹ ಸಂಸ್ಥೆಗಳಲ್ಲೊಂದು. ಗ್ಯಾರೇಜಿನಲ್ಲಿ ಬೇರೆ ಎಂಜಿನ್ ಅಳವಡಿಸಿದ ವಾಹನವು ಇಂತಹ ಪರೀಕ್ಷೆಗೆ ಒಳಪಟ್ಟಿರುವುದಿಲ್ಲ.

2. ಅನುಮತಿಗೆ ಅರ್ಹವಾದ ಬದಲಾವಣೆಗಳು

(ಅ) ಕೆಟ್ಟುಹೋದ ಎಂಜಿನ್ನಿಗೆ ಬದಲಾಗಿ ಅದೇ ತಯಾರಕರ, ಅದೇ ಮಾದರಿಯ ಎಂಜಿನ್ ಅಳವಡಿಸುವುದು. ಇಲ್ಲಿ ಎಂಜಿನ್ ಸಂಖ್ಯೆ ಮಾತ್ರ ಬದಲಾಗುತ್ತದೆ.

(ಆ) ನಿಗದಿತ ಷರತ್ತುಗಳಿಗೊಳಪಟ್ಟು, ಅನುಮೋದಿತ ಕಿಟ್ ಮೂಲಕ ಸಿ.ಎನ್.ಜಿ., ಎಲ್.ಪಿ.ಜಿ. ಅಥವಾ ವಿದ್ಯುತ್ ಚಾಲನೆಗೆ ಪರಿವರ್ತಿಸುವುದು.

3. ವಾಹನಾಸಕ್ತರಲ್ಲಿ ಪ್ರಚಲಿತವಿರುವ ಮಾತುಗಳು ಮತ್ತು ವಸ್ತುಸ್ಥಿತಿ

ಎಂಜಿನ್ ಬದಲಾವಣೆಯ ಕುರಿತು ವಾಹನಾಸಕ್ತರು ಪರಸ್ಪರ ವಿನೋದವಾಗಿ, ಪಂಥಾಹ್ವಾನದ ಧಾಟಿಯಲ್ಲಿ ಚರ್ಚಿಸುವುದು ವಾಡಿಕೆ. ಇದರಲ್ಲಿ ಆಕ್ಷೇಪಾರ್ಹವಾದುದೇನೂ ಇಲ್ಲ. ಆದರೆ ಅಂತಹ ಮಾತುಗಳನ್ನೇ ಆಧಾರವಾಗಿಟ್ಟುಕೊಂಡು ಕಾರ್ಯಪ್ರವೃತ್ತರಾಗುವುದು ಸೂಕ್ತವಲ್ಲ.

"ಒಂದೇ ಕಂಪನಿಯ ಎಂಜಿನ್ ಆದರೆ ತೊಂದರೆಯಿಲ್ಲ."
ಮಾರುತಿ 800 ಕಾರಿನ ಎಂಜಿನ್ 796 ಸಿ.ಸಿ.ಯದು, ಮೂರು ಸಿಲಿಂಡರುಗಳದು. ಎಸ್ಟೀಮ್ ಕಾರಿನದು 1298 ಸಿ.ಸಿ.ಯ ನಾಲ್ಕು ಸಿಲಿಂಡರುಗಳ ಎಂಜಿನ್. ತಯಾರಕರು ಒಬ್ಬರೇ ಆದರೂ ಸಿಲಿಂಡರುಗಳ ಸಂಖ್ಯೆ ಮತ್ತು ಘನ ಸಾಮರ್ಥ್ಯ ಎರಡೂ ಬದಲಾಗುವುದರಿಂದ ಇದು ಅನುಮತಿಗೆ ಅರ್ಹವಲ್ಲ.

"ಎಂಜಿನ್ ದೊಡ್ಡದಾದರೆ ಸಾಕು, ಉಳಿದದ್ದು ಹೊಂದಿಕೊಳ್ಳುತ್ತದೆ."
ಬ್ರೇಕು, ಸಸ್ಪೆನ್ಷನ್, ಕ್ಲಚ್, ಗೇರ್‌ಬಾಕ್ಸ್, ರೇಡಿಯೇಟರ್ ಮತ್ತು ಟೈರುಗಳನ್ನು ಮೂಲ ಎಂಜಿನ್ನಿನ ತೂಕ ಹಾಗೂ ಶಕ್ತಿಗೆ ಅನುಗುಣವಾಗಿ ವಿನ್ಯಾಸಗೊಳಿಸಲಾಗಿರುತ್ತದೆ. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಪಾತದಲ್ಲಿ ಹೆಚ್ಚುತ್ತದೆ. ಗಂಟೆಗೆ 80 ಕಿ.ಮೀ. ವೇಗದ ವಾಹನವನ್ನು ನಿಲ್ಲಿಸುವುದಕ್ಕಿಂತ 100 ಕಿ.ಮೀ. ವೇಗದ ಅದೇ ವಾಹನವನ್ನು ನಿಲ್ಲಿಸಲು ಬ್ರೇಕುಗಳು ಶೇಕಡ 56ರಷ್ಟು ಹೆಚ್ಚು ಶಕ್ತಿಯನ್ನು ಹೀರಬೇಕಾಗುತ್ತದೆ. ಮುಂಭಾಗದ ತೂಕ ಹೆಚ್ಚಿದಲ್ಲಿ ತಿರುವುಗಳಲ್ಲಿ ವಾಹನದ ವರ್ತನೆಯೂ ಬದಲಾಗುತ್ತದೆ.

"ಸೈಲೆನ್ಸರ್ ತೆಗೆದರೆ ಶಕ್ತಿ ಹೆಚ್ಚುತ್ತದೆ."
ಶಬ್ದ ಹೆಚ್ಚಿದ ಮಾತ್ರಕ್ಕೆ ಶಕ್ತಿ ಹೆಚ್ಚುವುದಿಲ್ಲ. ಹೊಗೆಯನ್ನು ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದಲ್ಲಿ ವಿಷಾನಿಲಗಳು ನೇರವಾಗಿ ಹೊರಬರುತ್ತವೆ. ಶಬ್ದ ಮತ್ತು ವಾಯುಮಾಲಿನ್ಯ ಮಾನದಂಡಗಳ ಉಲ್ಲಂಘನೆಗೆ ಕಲಂ 190(2) ಅನ್ವಯವಾಗುತ್ತದೆ.

"ಕಂಪ್ಯೂಟರ್ ಮರುಹೊಂದಿಕೆ ಹೊರಗೆ ಕಾಣುವುದಿಲ್ಲ."
ಎಂಜಿನ್ ನಿಯಂತ್ರಣ ಘಟಕದ ತಂತ್ರಾಂಶ ಬದಲಾಯಿಸಿದಾಗ ಎಂಜಿನ್ ಸಂಖ್ಯೆ ಬದಲಾಗುವುದಿಲ್ಲ. ಆದರೆ ಇಂಧನದ ಪ್ರಮಾಣ ಹಾಗೂ ಟರ್ಬೋ ಒತ್ತಡ ಬದಲಾಗಿ, ಹೊಗೆಯ ಮಾನದಂಡ ಮೀರುವ ಮತ್ತು ತಯಾರಕರ ವಾರಂಟಿ ಕಳೆದುಕೊಳ್ಳುವ ಸಂಭವವಿರುತ್ತದೆ.

4. ವಿಮೆ ಮತ್ತು ಮಾರಾಟ

ಖಾಸಗಿ ಕಾರುಗಳ ಮೂರನೇ ವ್ಯಕ್ತಿ ವಿಮೆಯ ಕಂತನ್ನು 1000 ಸಿ.ಸಿ.ವರೆಗೆ, 1000ದಿಂದ 1500 ಸಿ.ಸಿ. ಮತ್ತು 1500 ಸಿ.ಸಿ.ಗಿಂತ ಮೇಲ್ಪಟ್ಟು ಎಂಬ ವರ್ಗಗಳಲ್ಲಿ ನಿಗದಿಪಡಿಸಲಾಗುತ್ತದೆ. ಮೇಲಿನ ಉದಾಹರಣೆಯ ಕಾರು ತಾನು ಪಾವತಿಸದ ವರ್ಗದಲ್ಲಿ ಸಂಚರಿಸುತ್ತಿರುತ್ತದೆ. ಮಾರ್ಪಾಡನ್ನು ವಿಮಾ ಸಂಸ್ಥೆಗೆ ತಿಳಿಸದಿದ್ದಲ್ಲಿ ಅಪಘಾತವಾದಾಗ ಸ್ವಂತ ಹಾನಿಯ ಪರಿಹಾರ ನಿರಾಕರಣೆಗೆ ಅದು ಕಾರಣವಾಗಬಹುದು.

ಹಳೆಯ ವಾಹನ ಖರೀದಿಸುವವರು ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳನ್ನು ನೋಂದಣಿ ಪತ್ರದೊಂದಿಗೆ ಸ್ವತಃ ತಾಳೆ ನೋಡತಕ್ಕದ್ದು. ಬಿಲ್ಲು ಇಲ್ಲದ ಎಂಜಿನ್ ಕಳವಾದ ವಾಹನದ್ದಾಗಿದ್ದಲ್ಲಿ, ಮಾರ್ಪಾಡು ಮಾಡಿದ ಮಾಲೀಕರಲ್ಲದೆ ಏನೂ ಅರಿಯದ ಖರೀದಿದಾರರೂ ತನಿಖೆ ಎದುರಿಸಬೇಕಾಗುತ್ತದೆ.

5. ಅರ್ಜಿ ಸಲ್ಲಿಸುವ ಕ್ರಮ

ಮಾಲೀಕರು ತಮ್ಮ ವಾಸಸ್ಥಳದ ವ್ಯಾಪ್ತಿಯ ನೋಂದಣಿ ಪ್ರಾಧಿಕಾರದಿಂದ ಪೂರ್ವಾನುಮತಿ ಪಡೆಯತಕ್ಕದ್ದು. ಅನುಮೋದನೆಯಿಲ್ಲದೆ ಬದಲಾವಣೆಯಾಗಿದ್ದಲ್ಲಿ 14 ದಿನಗಳೊಳಗಾಗಿ ವರದಿ ಮಾಡಿ, ನೋಂದಣಿ ಪತ್ರ ಹಾಗೂ ನಿಗದಿತ ಶುಲ್ಕ ಸಲ್ಲಿಸುವಂತೆ ಕಲಂ 52(3) ವಿಧಿಸುತ್ತದೆ. ಅರ್ಜಿಯೊಂದಿಗೆ ಈ ದಾಖಲೆಗಳನ್ನು ಸಿದ್ಧವಾಗಿಟ್ಟುಕೊಳ್ಳುವುದು:

- ನೋಂದಣಿ ಪತ್ರ
- ಚಾಲ್ತಿಯಲ್ಲಿರುವ ವಿಮಾ ಪತ್ರ
- ಮಾಲಿನ್ಯ ತಪಾಸಣಾ ಪತ್ರ
- ಎಂಜಿನ್ ಅಥವಾ ಕಿಟ್ ಖರೀದಿಯ ಬಿಲ್ಲು
- ಸಾಲವಿದ್ದಲ್ಲಿ ಸಾಲದಾತರ ಲಿಖಿತ ಒಪ್ಪಿಗೆ

ವಾಹನವನ್ನು ಮೋಟಾರು ವಾಹನ ನಿರೀಕ್ಷಕರ ಪರಿಶೀಲನೆಗೆ ಹಾಜರುಪಡಿಸತಕ್ಕದ್ದು.

6. ದಂಡನೆ

2019ರ ತಿದ್ದುಪಡಿಯ ಮೂಲಕ ಸೇರಿಸಲಾದ ಕಲಂ 182ಎ(4), ಅನುಮತಿಯಿಲ್ಲದ ಮಾರ್ಪಾಡು ಮಾಡಿದ ಮಾಲೀಕರಿಗೆ ಆರು ತಿಂಗಳವರೆಗಿನ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ ಅಥವಾ ಎರಡನ್ನೂ ಗೊತ್ತುಪಡಿಸಿತು. ಗ್ಯಾರೇಜಿನವರ ಭರವಸೆಯು ಮಾಲೀಕರ ಹೊಣೆಯನ್ನು ಕಡಿಮೆ ಮಾಡುವುದಿಲ್ಲ.

7. ಸ್ಪರ್ಧಾಸಕ್ತರಿಗೆ

ಸಾರ್ವಜನಿಕ ರಸ್ತೆಗಳಲ್ಲಿ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ವೇಗಸ್ಪರ್ಧೆ ನಡೆಸುವುದು ಕಲಂ 189ರಂತೆ ಅಪರಾಧ. ಆಸಕ್ತರಿಗಾಗಿ ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈ ಹಾಗೂ ಕೊಯಮತ್ತೂರಿನಲ್ಲಿ ಸ್ಪರ್ಧಾಪಥಗಳಿವೆ. ಸ್ಪರ್ಧೆಗೆಂದೇ ಸಿದ್ಧಪಡಿಸಿದ ವಾಹನವನ್ನು ಅಲ್ಲಿಗೆ ಬೇರೊಂದು ವಾಹನದ ಮೇಲೆ ಸಾಗಿಸುವುದೇ ಸುರಕ್ಷಿತ ಕ್ರಮ.

ಹೆಚ್ಚಿನ ವಿವರಗಳಿಗೆ ಸಂಬಂಧಪಟ್ಟ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.