ಕೋಲಾರದ ಗಣಿಯಲ್ಲಿ ಕಣಭೌತಶಾಸ್ತ್ರ: ಒಂದು ಸಂಶೋಧನಾ ಪ್ರಬಂಧ ಮತ್ತು ಮೌಖಿಕ ಚರಿತ್ರೆಯ ಅಗತ್ಯ

ಆಧುನಿಕ ವಿಜ್ಞಾನದ ಚರಿತ್ರೆಯನ್ನು ಸಾಮಾನ್ಯವಾಗಿ ಪ್ರಕಟಿತ ಲೇಖನಗಳು ಹಾಗೂ ಸಂಸ್ಥೆಗಳ ದಾಖಲೆಗಳ ಆಧಾರದಿಂದ ರಚಿಸಲಾಗುತ್ತದೆ. ಪ್ರಯೋಗ ನಡೆದ ನೆಲ, ಅಲ್ಲಿ ದುಡಿದ ಜನ, ಅವರ ನೆನಪು ಇವೆಲ್ಲ ಅದರ ಹೊರಗೆ ಉಳಿಯುತ್ತವೆ. ಕೋಲಾರದ ಚಿನ್ನದ ಗಣಿಗಳಲ್ಲಿ ಸುಮಾರು ನಾಲ್ಕು ದಶಕಗಳ ಕಾಲ ನಡೆದ ಕಣಭೌತಶಾಸ್ತ್ರದ ಪ್ರಯೋಗಗಳು ಇದಕ್ಕೆ ನಿದರ್ಶನ. ಒಬ್ಬ ಸಂಶೋಧನಾ ವಿದ್ಯಾರ್ಥಿಯ ಅಧ್ಯಯನದಿಂದ ಆರಂಭವಾದ ಈ ಪರಂಪರೆಯನ್ನು ಪರಿಚಯಿಸಿ, ಅದರಲ್ಲಿ ಗಣಿಯ ಜನಸಮುದಾಯದ ಪಾಲನ್ನು ಗುರುತಿಸುವ ಬಗೆಯನ್ನು ಇಲ್ಲಿ ಚರ್ಚಿಸಲಾಗಿದೆ.

ನಂಜನಗೂಡಿನಲ್ಲಿ 1925ರಲ್ಲಿ ಜನಿಸಿದ ಬಿ.ವಿ. ಶ್ರೀಕಂಠನ್ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, 1948ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿದರು. ಅಲ್ಲಿ ಹೋಮಿ ಭಾಭಾ ಅವರು ಈ ತರುಣನಿಗೆ ವಹಿಸಿದ ಕೆಲಸ ಕೋಲಾರದ ಗಣಿಗೆ ಇಳಿಯುವುದಾಗಿತ್ತು. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ವಾಯುಮಂಡಲವನ್ನು ತಾಗಿದಾಗ ಮ್ಯೂಆನ್ ಎಂಬ ಕಣಗಳು ಹುಟ್ಟುತ್ತವೆ. ಅವು ಬಂಡೆಯನ್ನು ಎಷ್ಟು ಆಳದವರೆಗೆ ಭೇದಿಸಬಲ್ಲವು ಎಂಬುದು ಅಂದಿನ ಪ್ರಶ್ನೆ. 1951ರಿಂದ ಶ್ರೀಕಂಠನ್ ಅವರು ಗೈಗರ್ ಎಣಿಕೆ ಕೊಳವೆಗಳನ್ನು ಬೇರೆ ಬೇರೆ ಆಳಗಳಲ್ಲಿರಿಸಿ ಮಾಪನ ನಡೆಸಿದರು. 1954ರಲ್ಲಿ ಅವರಿಗೆ ಡಾಕ್ಟರೇಟ್ ಪದವಿ ಲಭಿಸಿತು. ಮುಂದೆ 1975ರಿಂದ 1987ರವರೆಗೆ ಅವರು ಅದೇ ಸಂಸ್ಥೆಯ ನಿರ್ದೇಶಕರಾಗಿದ್ದರು.

1960ರ ದಶಕದ ಆರಂಭದಲ್ಲಿ ಮಾಪನ ಇನ್ನೂ ಆಳಕ್ಕೆ ಸಾಗಿತು. ಗಣಿಯ ಅತ್ಯಂತ ಆಳದ ತಾಣದಲ್ಲಿ ಸುಮಾರು ಎರಡು ತಿಂಗಳು ಕಾದರೂ ಒಂದು ಮ್ಯೂಆನ್ ಕೂಡ ದಾಖಲಾಗಲಿಲ್ಲ. ಈ ಶೂನ್ಯವೇ ಮುಂದಿನ ಸಂಶೋಧನೆಗೆ ದಾರಿ ತೋರಿತೆಂಬುದು ಗಮನಾರ್ಹ. ಬೇರೆ ಕಣಗಳ ಗದ್ದಲವಿಲ್ಲದ ಆ ಸ್ಥಳದಲ್ಲಿ, ಬಂಡೆಯನ್ನು ಲೀಲಾಜಾಲವಾಗಿ ಹಾಯುವ ನ್ಯೂಟ್ರಿನೊಗಳ ಸುಳಿವನ್ನು ಹಿಡಿಯಬಹುದಿತ್ತು. ಮೇಲಿನಿಂದ ಇಳಿಯುವ ಮ್ಯೂಆನ್‌ಗಳು ಬಹುತೇಕ ಲಂಬವಾಗಿ ಬರುತ್ತವೆ. ನ್ಯೂಟ್ರಿನೊಗಳಿಂದ ಬಂಡೆಯಲ್ಲೇ ಹುಟ್ಟುವ ಮ್ಯೂಆನ್‌ಗಳಾದರೋ ಅಡ್ಡಲಾಗಿಯೂ ಬರಬಲ್ಲವು. ಆದ್ದರಿಂದ ಶೋಧಕಗಳನ್ನು ಗೋಡೆಗಳಂತೆ ನಿಲ್ಲಿಸಲಾಯಿತು. ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ ಹಾಗೂ ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳು ಜೊತೆಗೂಡಿ ನಡೆಸಿದ ಪ್ರಯೋಗದ ಫಲಿತಾಂಶ 1965ರ ಆಗಸ್ಟ್‌ನಲ್ಲಿ ಪ್ರಕಟವಾಯಿತು. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಇರವು ಹೀಗೆ ಪ್ರಯೋಗದಿಂದ ಸಿದ್ಧವಾಯಿತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಫ್ರೆಡ್ರಿಕ್ ರೈನ್ಸ್ ಅವರ ತಂಡವೂ ಅದೇ ವರ್ಷ ಇದೇ ನಿರ್ಣಯಕ್ಕೆ ಬಂದಿತು. 1980ರ ದಶಕದಲ್ಲಿ ಪ್ರೋಟಾನ್ ಕ್ಷಯಿಸುವುದೇ ಎಂಬುದನ್ನು ಪರೀಕ್ಷಿಸಲು 140 ಟನ್ ತೂಕದ ಶೋಧಕವೂ ಇಲ್ಲಿ ಸ್ಥಾಪಿತವಾಯಿತು.

1965ರ ಆ ಲೇಖನದಲ್ಲಿ 11 ಲೇಖಕರ ಹೆಸರುಗಳಿವೆ, ಎಲ್ಲರೂ ವಿಜ್ಞಾನಿಗಳು. ವಿಜ್ಞಾನದ ಪ್ರಕಟಣೆಯ ಶಿಸ್ತಿಗೆ ಇದು ಸಹಜವೇ. ಆದರೆ ಆ ಆಳವನ್ನು ಕೊರೆದವರು, ಅಲ್ಲಿಗೆ ಗಾಳಿ ಮತ್ತು ವಿದ್ಯುತ್ತನ್ನು ಒಯ್ದವರು ಗಣಿಯ ಜನ. ಬಂಡೆಯನ್ನು ತಟ್ಟಿ, ಅದರ ಸದ್ದಿನಿಂದ ಸಡಿಲವನ್ನು ಅರಿಯುವುದು ಗಣಿಕಾರ್ಮಿಕರ ಪರಂಪರಾಗತ ತಿಳಿವಳಿಕೆ. ಭೌತಶಾಸ್ತ್ರಜ್ಞನಿಗೆ ಕಣಗಳನ್ನು ತಡೆಯುವ ಪರದೆಯಾಗಿದ್ದ ಬಂಡೆ, ಕಾರ್ಮಿಕನಿಗೆ ಅನ್ನವೂ ಹೌದು, ಸಿಡಿದರೆ ಸಾವೂ ಹೌದು. ಒಂದೇ ಬಂಡೆಯ ಕುರಿತ ಈ ಎರಡು ಅರಿವುಗಳಲ್ಲಿ ಒಂದು ಮಾತ್ರ ಗ್ರಂಥಾಲಯವನ್ನು ಸೇರಿದೆ.

ಇನ್ನೊಂದನ್ನು ದಾಖಲಿಸುವುದು ಜಾನಪದ ಅಧ್ಯಯನದ ಹೊಣೆ. ಇಲ್ಲಿ ಭಾಷೆಯ ಪ್ರಶ್ನೆ ಮುಖ್ಯವಾದುದು. ಗಣಿಯ ಬಹುಪಾಲು ಕಾರ್ಮಿಕರು ತಮಿಳು ಹಾಗೂ ತೆಲುಗು ಮನೆಮಾತಿನವರಾದ್ದರಿಂದ, ಕನ್ನಡವೊಂದನ್ನೇ ಬಲ್ಲ ಕ್ಷೇತ್ರಕಾರ್ಯಕರ್ತನಿಗೆ ಈ ನೆನಪು ಪೂರ್ಣವಾಗಿ ದಕ್ಕದು. ಭೂಗರ್ಭದ ಪ್ರಯೋಗಶಾಲೆಯನ್ನು ಕಾರ್ಮಿಕರು ಯಾವ ಹೆಸರಿನಿಂದ ಕರೆದರು? ಚಿನ್ನವನ್ನಲ್ಲದೆ ಬೇರೇನನ್ನೋ ಹುಡುಕಲು ಇಳಿದವರನ್ನು ಹೇಗೆ ಅರ್ಥಮಾಡಿಕೊಂಡರು? ಇಂತಹ ಪ್ರಶ್ನೆಗಳಿಗೆ ಉತ್ತರ ಜನರ ಮಾತಿನಲ್ಲಿ ಮಾತ್ರ ದೊರೆಯಬಲ್ಲದು.

2001ರ ಫೆಬ್ರವರಿ 28ರಂದು ಗಣಿಗಾರಿಕೆ ನಿಂತಿತು. ನೀರೆತ್ತುವ ಯಂತ್ರಗಳು ಸ್ತಬ್ಧವಾಗಿ ಆಳದ ಸುರಂಗಗಳು ಜಲಾವೃತವಾದವು. ಶ್ರೀಕಂಠನ್ ಅವರು 2019ರಲ್ಲಿ ನಿಧನರಾದರು. ಅವರ ಮಾಪನಗಳು ಮುದ್ರಿತ ರೂಪದಲ್ಲಿ ಉಳಿಯುತ್ತವೆ. 1965ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದ ಕಾರ್ಮಿಕರಿಗೆ ಈಗ ಎಂಬತ್ತು ದಾಟಿದೆ. ಅವರ ನೆನಪನ್ನು ಸಂಗ್ರಹಿಸುವ ಕಾರ್ಯವನ್ನು ವಿಶ್ವವಿದ್ಯಾಲಯಗಳು ಮತ್ತು ಅಕಾಡೆಮಿಗಳು ಮುಂದೂಡುವಂತಿಲ್ಲ.